ಅರವತ್ತೆರಡು ಪುಟದ ಮುನ್ನುಡಿ

ಇಪ್ಪತ್ತೆಂಟು ವರ್ಷದಿಂದ ಊರಿನ ಪುಸ್ತಕಗಳ ಬೆನ್ನು ನೆಟ್ಟಗೆ ಮಾಡುತ್ತಿರುವ ನನಗೆ ನನ್ನ ಮನೆಯ ನಡುಮನೆಯಲ್ಲೇ ಬೆನ್ನು ಊರಲು ಜಾಗವಿಲ್ಲ. ತಿಂಗಳಿಗೊಂದು ಭಾನುವಾರ ನನ್ನ ಹೆಂಡತಿಯ ಓದುಗರ ಬಳಗ ಅಲ್ಲಿ ಸೇರುತ್ತದೆ. ಆರು ಜನ ಹೆಂಗಸರು ಯಾವುದಾದರೂ ಹಳೆಯ ಕಾದಂಬರಿಯನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಬೈಂಡರ್ ಮಹಾಶಯನಾದ ನಾನು ಚಹಾದ ತಟ್ಟೆ ಹೊತ್ತು ಓಡಾಡುತ್ತಿರುತ್ತೇನೆ.

ಕಳೆದ ತಿಂಗಳು ನಾನೂ ಒಂದು ಮಾತು ಸೇರಿಸಹೋದೆ. "ನೀವು ಪುಸ್ತಕ ಹೊಲಿಯೋರು, ಓದೋರಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ನೋಡಿ," ಎಂದಳು ಹೆಂಡತಿ, ಎಲ್ಲರ ಎದುರಿಗೇ. ಮುಂದಿನ ಸಲ ಕುರ್ಚಿಯಲ್ಲಿ ಕೂತು ಮಾತಾಡಿಯೇ ತೀರುತ್ತೇನೆಂದು ಘೋರ ಪ್ರತಿಜ್ಞೆ ಮಾಡಿದೆ.

(ಅವಳಿಗೆ ನನ್ನ ಮೇಲೆ ಹಳೆಯ ಕೋಪವೊಂದಿತ್ತು. ಹೋದ ವರ್ಷ ಎಂಟು ದಿನ ತವರಿನಲ್ಲಿದ್ದು ಬಂದು, ತಾನಿಲ್ಲದೆ ಹೇಗಿತ್ತು ಎಂದು ಕೇಳಿದ್ದಳು. ಎಲ್ಲ ಅಚ್ಚುಕಟ್ಟಾಗಿ ನಡೆಯಿತು, ಇನ್ನೂ ಎಂಟು ದಿನ ಇದ್ದು ಬರಬಹುದಿತ್ತು ಎಂದುಬಿಟ್ಟಿದ್ದೆ. ಹೆಂಡತಿ ಹಾಗೆ ಕೇಳಿದರೆ ಏನು ಹೇಳಬೇಕೆಂದು ಯಾರೂ ಕಲಿಸುವುದಿಲ್ಲ.)

ಬಳಗದವರು ಆರಿಸಿದ ಕಾದಂಬರಿಯನ್ನು ಲೈಬ್ರರಿಯಿಂದ ತಂದೆ. ನೋಡಿದರೆ ನನ್ನದೇ ಬೈಂಡಿಂಗ್. ಹಿಂದಿನ ರಟ್ಟಿನ ಒಳಗೆ ನನ್ನ ಚೀಟಿ, ತಾರೀಖಿನ ಸಮೇತ. ಹೆಮ್ಮೆಯಿಂದ ಶುರುಮಾಡಿದೆ. ಆದರೆ ಕೂತು ಓದುವುದು ನನ್ನ ಜಾಯಮಾನವಲ್ಲ. ಎರಡು ಪುಟಕ್ಕೊಮ್ಮೆ ಎದ್ದು ನೀರು ಕುಡಿದೆ, ಕಿಟಕಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಕಾಲು ಅಲ್ಲಾಡಿಸಿದ ರಭಸಕ್ಕೆ ಮೇಜೂ ಅಲ್ಲಾಡಿತು. ಮುನ್ನುಡಿಯೇ ಅರವತ್ತೆರಡು ಪುಟ. ಈ ಕೃತಿಯನ್ನು ಅದರ ಕಾಲದ ಹಿನ್ನೆಲೆಯಲ್ಲೇ ಓದತಕ್ಕದ್ದು ಎಂಬ ಅಪ್ಪಣೆಯಿಂದ ಆರಂಭ. ರೈಲಿಲ್ಲದ ಕಾಲ, ತಿಂಗಳುಗಟ್ಟಲೆ ಗಾಡಿ ಪ್ರಯಾಣ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸದ ಮನೆಗಳು. ಐವತ್ತೆಂಟನೇ ಪುಟಕ್ಕೆ ಬರುವಷ್ಟರಲ್ಲಿ ಭಾನುವಾರವೂ ಬಂದೇಬಿಟ್ಟಿತು. ಕಾಲ ಗೊತ್ತಾದ ಮೇಲೆ ಕಥೆಯೇನು ಮಹಾ ಎಂದು ಧೈರ್ಯ ತಂದುಕೊಂಡೆ.

ಚಹಾವನ್ನು ಮೊದಲೇ ಫ್ಲಾಸ್ಕಿಗೆ ತುಂಬಿಟ್ಟು ಕುರ್ಚಿ ಹಿಡಿದೆ. ಅವರು ಕಥೆ ಎತ್ತುವ ಮೊದಲೇ, ಪುಸ್ತಕವನ್ನು ಅದರ ಕಾಲದ ಹಿನ್ನೆಲೆಯಲ್ಲೇ ನೋಡಬೇಕು ಎಂದು ನಾನು ಕಾಲವನ್ನು ಎತ್ತಿಕೊಂಡೆ. ಗಾಡಿ, ಧೂಳು, ಓದು ಬಾರದ ನಾಯಕಿಯ ಸಂಕಟ, ಎಲ್ಲವನ್ನೂ ಕಾಲು ಗಂಟೆ ಬಣ್ಣಿಸಿದೆ. ಹೆಂಡತಿ ಕಣ್ಣರಳಿಸಿ ನೋಡುತ್ತಿದ್ದಳು. ಮದುವೆಯಾದಂದಿನಿಂದ ಆ ನೋಟಕ್ಕೆ ಕಾದಿದ್ದೆ.

ಬಳಗದಲ್ಲೇ ಇದ್ದ ಅವಳ ಚಿಕ್ಕಮ್ಮ ಇತಿಹಾಸದ ಟೀಚರಾಗಿ ನಿವೃತ್ತರಾದವರು. ಮೆಲ್ಲಗೆ ಕನ್ನಡಕ ಏರಿಸಿದರು.

"ಅಳಿಯಂದ್ರೇ, ರೈಲೇ ಇರ್ಲಿಲ್ಲ ಅಂದ್ರಿ. ಮೊದಲ್ನೇ ಪುಟದಲ್ಲೇ ಆ ಹುಡುಗಿ ರೈಲು ಇಳೀತಾಳಲ್ಲ?"

"ಅದು ಕಾದಂಬರಿಕಾರರ ದೂರದೃಷ್ಟಿ," ಎಂದೆ.

"ಓದು ಬಾರದವಳು ತಂತಿ ಆಫೀಸಲ್ಲಿ ಕೆಲಸ ಮಾಡೋದು?"

ಅದಕ್ಕೂ ದೂರದೃಷ್ಟಿಯನ್ನೇ ಕೊಟ್ಟೆ, ಆದರೆ ಕಾಲು ತಾನಾಗಿ ಅಲ್ಲಾಡತೊಡಗಿತು. ಚಿಕ್ಕಮ್ಮ ಪುಸ್ತಕ ಇಸಿದುಕೊಂಡು, ನಾನು ಮುಟ್ಟದ ಅರವತ್ತೆರಡನೇ ಪುಟ ತೆಗೆದು ಗಟ್ಟಿಯಾಗಿ ಓದಿದರು. ಅಲ್ಲಿ ಬೇರೊಂದು ಕಾದಂಬರಿಯ ಹೆಸರಿತ್ತು, ಇದಕ್ಕಿಂತ ನೂರು ವರ್ಷ ಹಿಂದಿನ ಕಾಲದ ಕಥೆ. ಎರಡೂ ಒಂದೇ ಮಾಲೆಯವು, ಒಂದೇ ಅಳತೆಯವು. ಒಂದೇ ದಿನ ಎರಡನ್ನೂ ಬಿಚ್ಚಿ ಹೊಲಿಗೆಗೆ ಕೂತಿದ್ದು ನನಗೆ ಆಗ ನೆನಪಾಯಿತು. ಅದರ ಮುನ್ನುಡಿಯನ್ನು ಇದಕ್ಕೆ ಹೊಲಿದ ಪುಣ್ಯಾತ್ಮ ಯಾರೆಂದು ಹಿಂದಿನ ಚೀಟಿಯೇ ಸಾರುತ್ತಿತ್ತು.

ಬಳಗವೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಹೆಂಡತಿ ಮಾತ್ರ ನಗಲಿಲ್ಲ. ಚೀಟಿಯನ್ನು ಬಹಳ ಹೊತ್ತು ನೋಡಿದಳು.

"ಪುಸ್ತಕಾನ ಅದರ ಕಾಲದ ಹಿನ್ನೆಲೆಯಲ್ಲೇ ನೋಡಬೇಕು ಅಂತ ಇವರೇ ಹೇಳಿದ್ರಲ್ಲ," ಎಂದಳು. "ಈ ತಾರೀಖಿಗೆ ನಾನು ತವರಲ್ಲಿದ್ದೆ. ನಾನಿಲ್ಲದೆ ಎಲ್ಲ ಅಚ್ಚುಕಟ್ಟಾಗಿ ನಡೀತು ಅಂದಿದ್ರು."

ಹಾಗೆನ್ನುವಾಗ ಅವಳ ಮುಖದಲ್ಲಿ ವರ್ಷದ ಕೋಪ ಇಳಿದು ಏನೋ ಒಂದು ಖುಷಿ ಕಂಡಿತು. ನಾನು ತೆಪ್ಪಗೆ ಎದ್ದು ಚಹಾದ ತಟ್ಟೆ ಹಿಡಿದೆ. ಆ ಎಂಟು ದಿನದಲ್ಲಿ ಲೈಬ್ರರಿಯ ಇನ್ನೂ ಹದಿನಾಲ್ಕು ಪುಸ್ತಕ ಹೊಲಿದುಕೊಟ್ಟಿದ್ದೇನೆಂದು ಅವಳಿಗೆ ಹೇಳಲಿಲ್ಲ.