ಬಾಗಿಲೆದುರಿನ ಕೋಟೆ

ಹೆಸರೇನೋ ಭೀಮಸೇನ, ಆದ್ರೆ ಶನಿವಾರ ಸ್ವಂತ ಸೋಫಾ ಮೇಲೆ ಕಾಲು ಚಾಚೋಕೂ ಅವನಿಗೆ ಜಾಗ ಇರ್ಲಿಲ್ಲ. ಕ್ಯಾರಲ್ಟನ್ ಊರಿನ ಕನ್ನಡದೋರಲ್ಲೆಲ್ಲ ಅವನ ಮನೆ ಹಾಲೇ ದೊಡ್ದು, ಎಡವಟ್ಟಾಗಿದ್ದೇ ಅಲ್ಲಿ. ವಾರ ವಾರ ಊಟ ಆಗ್ತಿದ್ದಂಗೆ ಪಕ್ಕದ್ಮನೆ ಭಾನುಮತಿ ಆಂಟಿಯ ಭಜನೆ ಗುಂಪು ಹಾಜರ್. ತಾಳ ಶುರುವಾದ್ರೆ ಅವನ ನಿದ್ದೆ ಗುಬ್ಬಚ್ಚಿ ಥರ ಪುರ್ರ್!

ಹೋದ ವಾರ ಆಂಟಿ ಮಾತಿಗೆ ಅಂದ್ರು: "ಯುದ್ಧದ ಪಟ ಇರೋ ಮನೆ ಹೊಸಿಲು ನಾನಂತೂ ತುಳಿಯಲ್ಲಪ್ಪ. ಸಂಸಾರದಲ್ಲಿ ಜಗಳ ಗ್ಯಾರಂಟಿ."

ಭೀಮಸೇನನ ಕಿವಿ ಮೊಲದ ಕಿವಿ ಆಯ್ತು. ಈ ಶನಿವಾರ ಬೆಳಿಗ್ಗೆನೇ ಯಾರೋ ಹಳೇ ಸಾಮಾನು ಮಾರ್ತಿದ್ದ ಗ್ಯಾರೇಜ್ ಸೇಲ್‌ನಿಂದ ಒಂದು ಪಟ ಹೊತ್ಕೊಂಡು ಬಂದ. ಯೂರೋಪಿನ ಓಬೀರಾಯನ ಕಾಲದ್ದು, ತಾಮ್ರದ ತಗಡಿನ ಮೇಲೆ ಗೀರಿ ಅಚ್ಚು ಹಾಕಿದ್ದು. ನಡುವೆ ಕೋಟೆ, ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದಂಗೆ ಸೈನ್ಯ. ಡೇರೆ, ಫಿರಂಗಿ, ಹೊಗೆ. ಒಬ್ಬ ಸಿಪಾಯಿ ಕೊಪ್ಪರಿಗೇಲಿ ಸೌಟು ತಿರುಗಿಸ್ತಿದ್ದ. ಕೋಟೆ ಕಿಟಕೀಲಿ ಇನ್ನೊಬ್ಬ, ಸೋತೆ ಅಂತ ಬಿಳಿ ಬಟ್ಟೆ ಬೀಸ್ತಿದ್ದ.

"ಇದೇನ್ರೀ ದರಿದ್ರ?" ಅಂದ್ಲು ಹೆಂಡ್ತಿ ಸುಪ್ರಜಾ.

"ಆರ್ಟ್ ಕಣೇ!" ಅಂತ ಬಾಗಿಲೆದುರಿಗೇ ಮೊಳೆ ಹೊಡೆದ.

ಆಂಟಿ ಬಂದ್ರು. ಪಟ ನೋಡಿದ್ದೇ ಕಾದ ಹಂಚು ತುಳಿದೋರಂಗೆ ಹಿಂದಕ್ಕೆ ಹಾರಿದ್ರು.

"ಅಯ್ಯಯ್ಯೋ! ಒಳಗೆ ಬರ್ಬೇಡ್ರೇ ಯಾರೂ!"

ಗುಂಪು ಲಾನ್‌ನಿಂದಲೇ ವಾಪಸ್. ಭೀಮಸೇನ ಸೋಫಾ ಮೇಲೆ ಉದ್ದಕ್ಕೆ ಬಿದ್ಕೊಂಡ. ಅವನ ಗೊರಕೆ ಹ್ಯೂಸ್ಟನ್‌ವರೆಗೂ ಕೇಳಿಸ್ತಂತೆ, ಕೇಳಿಸ್ಕೊಂಡೋರೇ ಹೇಳಿದ್ದು.

ಇನ್ನೂ ಮಗ್ಗಲು ಬದಲಾಯಿಸಿಲ್ಲ, ಕಾಲಿಂಗ್ ಬೆಲ್. ಹೊಸಿಲಾಚೆ ಆಂಟಿ, ಕೈಯಲ್ಲಿ ಫೋನು.

"ಹ್ಯೂಸ್ಟನ್ ರಾಜಗೋಪಾಲ ಶಾಸ್ತ್ರಿಗಳು. ಮಾತಾಡಪ್ಪ."

"ನೋಡಿ ಭೀಮಸೇನ್," ಅಂತು ಫೋನು, "ಗೋಡೆ ಹತ್ತಿದ ಯುದ್ಧನ ಸುಮ್ನೆ ಇಳಿಸೋ ಹಂಗಿಲ್ಲ. ಶಾಂತಿ ಆಗ್ಬೇಕು. ಆ ಮನೇಲೇ ಒಂದು ವಾರ ಅಖಂಡ ಭಜನೆ. ಹಗಲೂ ರಾತ್ರಿ ನಿಲ್ಲಂಗಿಲ್ಲ."

"ಸ್ವಾಮಿ, ಕಸದ ಬುಟ್ಟಿಗೆ ಹಾಕ್ಬಿಡ್ತೀನಿ!"

"ಮುಟ್ಟೀಯ ಮತ್ತೆ!" ಅಂತ ಆಂಟಿ ಗಂಗಾಜಲ ಚಿಮುಕಿಸ್ಕೊಂಡು ಒಳಗೇ ಬಂದ್ಬಿಟ್ರು. "ನಿನ್ ಸಂಸಾರ ಉಳಿಸೋ ಭಾರ ನಮ್ದು. ಹ್ಯೂಸ್ಟನ್‌ನವ್ರು ಆಗ್ಲೇ ಹೊರಟಾಯ್ತು. ಆಸ್ಟಿನ್‌ನಿಂದ ಎರಡು ವ್ಯಾನು."

ಕತ್ತಲಾಗೋ ಹೊತ್ತಿಗೆ ಮನೆ ಸುತ್ತ ಕಾರೋ ಕಾರು. ಹಿತ್ತಲ ತುಂಬ ಡೇರೆ. ಹೊಗೆ ನಡುವೆ ಯಾರೋ ಕೊಪ್ಪರಿಗೇಲಿ ಬಿಸಿಬೇಳೆಬಾತ್ ತಿರುಗಿಸ್ತಿದ್ರು. ಒಳಗೆ ನಾಲ್ಕು ಜೊತೆ ತಾಳ.

ಭೀಮಸೇನ ಮಹಡಿ ಕಿಟಕಿಯಿಂದ ಬಗ್ಗಿ, ಕೈಗೆ ಸಿಕ್ಕಿದ ಬಿಳಿ ಟವಲ್ಲು ಬೀಸಿದ.

ಕೆಳಗಿಂದ ಆಂಟಿ ಖುಷಿಯಾಗಿ ಕೂಗಿದ್ರು: "ಜಾಣ ಕಣಪ್ಪ ನೀನು! ಟವಲ್ಲು ಇತ್ಲಾಗೆ ಎಸಿ, ಎಸಿ. ಹಂಗೇ ಇನ್ನೊಂದು ನಲವತ್ತು ಇದ್ರೆ ಎಸಿ, ಬೆಳಿಗ್ಗೆ ಎಲ್ರ ಸ್ನಾನ ಆಗ್ಬೇಕಲ್ಲ!"