ಸಕ್ಕರೆಗೆ ಕಾವಲು

ಬೆಳಿಗ್ಗೆ ಟೈಲರಣ್ಣ ಮಂಚದ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದ. ನೆಲ ಒರೆಸುತ್ತಿದ್ದ ಹೆಂಡತಿಗೆ ಅವನ ಅಂಗಾಲಿನಲ್ಲಿ ಏನೋ ಹೊಳೆದಂತೆ ಕಂಡಿತು. ಬಗ್ಗಿ ನೋಡಿದಳು. ಗುಂಡುಸೂಜಿ! ತಲೆಯವರೆಗೂ ಒಳಗಿಳಿದಿತ್ತು.

"ರೀ, ಇದು ಯಾವಾಗ ಚುಚ್ಚಿತು?"

"ಯಾವುದು?" ಎಂದ ಅವನು, ಪೇಪರಿನಿಂದ ತಲೆಯೆತ್ತದೆ.

ಆ 'ಯಾವುದು' ಕೇಳಿದ್ದೇ, ಅವನಿಗೆ ನೋವೂ ತಿಳಿದಿಲ್ಲವೆಂದು ಅರಿತ ಅವಳು ಒರೆಸುವ ಬಟ್ಟೆ ಬಿಸುಟು ಅವನನ್ನು ಡಾಕ್ಟರ ಬಳಿಗೆ ಎಳೆದೊಯ್ದಳು.

ಹಿಂದೆ ಸಕ್ಕರೆ ಕಾಯಿಲೆ ಗೊತ್ತಾದಾಗ ಟೈಲರಣ್ಣ ಹೆದರಿ, ನಡೆದು, ಪಥ್ಯ ಮಾಡಿ ಅದನ್ನು ಹದ್ದುಬಸ್ತಿಗೆ ತಂದಿದ್ದ. "ಈಗದು ನಾನು ಸಾಕಿದ ನಾಯಿ ಇದ್ದ ಹಾಗೆ. ಕೂತ್ಕೋ ಅಂದ್ರೆ ಕೂತ್ಕೊಳ್ಳುತ್ತೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೊಳೆ ದಾಟಿದವನಿಗೆ ಅಂಬಿಗನ ಹಂಗೇಕೆ? ಮೊದಲು ವಾಕಿಂಗ್ ನಿಂತಿತು, ಆಮೇಲೆ ಮಾತ್ರೆ. ಬೇಕರಿಯ ಬನ್ನು ಮಾತ್ರ ಮತ್ತೆ ಶುರುವಾಯಿತು.

ಡಾಕ್ಟರು ಸೂಜಿ ತೆಗೆದು, ಗಾಯ ತೊಳೆದು, ರಕ್ತ ಪರೀಕ್ಷಿಸಿ ಸುಮ್ಮನೆ ಕೂತುಬಿಟ್ಟರು. ಬೈದಿದ್ದರೆ ಟೈಲರಣ್ಣನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ನಾಯಿ ಕೂತಿಲ್ಲ, ಟೈಲರೇ. ಕಾಲು ಕಚ್ಚೋಕೆ ಶುರು ಮಾಡಿದೆ. ಹೀಗೇ ಬಿಟ್ರೆ ಮಿಷನ್ ತುಳಿಯೋ ಕಾಲೇ ಉಳಿಯಲ್ಲ. ದಿನಕ್ಕೊಂದು ಮಾತ್ರೆ, ಊಟದ ಜೊತೆ. ಊಟ ಬಿಡಬೇಡಿ. ಕೈ ನಡುಗಿ, ಬೆವರು ಕಿತ್ತುಕೊಂಡ್ರೆ ತಕ್ಷಣ ಏನಾದ್ರೂ ಸಿಹಿ ತಿಂದು ನನ್ನ ಹತ್ರ ಬನ್ನಿ."

ಕಾಲು ಉಳಿಯಲ್ಲ ಎಂಬ ಮಾತಿನಾಚೆ ಟೈಲರಣ್ಣನ ಕಿವಿಗೆ ಹೆಚ್ಚೇನೂ ಇಳಿಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂದರೆ ಅದು ಒಂದೇ ಸಲ ಮೂಟೆಗಟ್ಟಲೆ ಬರುತ್ತದೆ. ಇಷ್ಟು ದಿನ ತಪ್ಪಿಸಿದ್ದಕ್ಕೆ ಸೇರಿಸಿ ಎರಡು ಮಾತ್ರೆ ನುಂಗಿದ. ಬೆಳಿಗ್ಗೆ ಒಂದು ಚೂರು ರೊಟ್ಟಿ ತಿಂದವನು ಪಥ್ಯವೆಂದು ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆ ಕಪಾಟಿನಲ್ಲಿಟ್ಟ.

ಅಷ್ಟರಲ್ಲಿ ಹೆಂಡತಿ ಎದುರಿನ ಮಹಡಿ ಮನೆಯ, ಬೀದಿಗೆಲ್ಲ 'ಅತ್ತೆ'ಯಾದ ಹಿರಿಯಾಕೆಯ ಮುಂದೆ ಕಣ್ಣೀರಿಟ್ಟಿದ್ದಳು. ಅತ್ತೆಯ ಕಿವಿಗೆ ಹಾಕಿದ ಮಾತು ಮೈಕಿಗೆ ಹಾಕಿದ ಹಾಗೆ. ಅಂಗಡಿಯಲ್ಲಿ ಬಟ್ಟೆ ಕತ್ತರಿಸಲು ಕೂತ ಟೈಲರಣ್ಣನ ಮುಂದೆ ಬೀದಿಯೇ ಸಾಲುಗಟ್ಟಿತು. ಅತ್ತೆ ಹಸಿರು ಕಷಾಯ ತಂದರು. ಅದು ಬಾಯಿಗೆ ಬೀಳುವ ಮೊದಲೇ ಕಣ್ಣಿಗೆ ಕಹಿಯಾಗಿತ್ತು. ರಿಟೈರಾದ ಮೇಷ್ಟ್ರು ಬಂದು ನಾಲಿಗೆ ಕಟ್ಟುವುದರ ಬಗ್ಗೆ, ಸ್ವಂತ ನಾಲಿಗೆಯನ್ನು ಒಂದು ಕ್ಷಣವೂ ಕಟ್ಟದೆ, ಪಾಠ ಮಾಡಿದರು.

ಎಲ್ಲರೂ ಹೋದ ಮೇಲೆ ಒಬ್ಬ ದಪ್ಪ ಗಿರಾಕಿಯ ಸೊಂಟದ ಅಳತೆ ತೆಗೆಯುತ್ತಿದ್ದಾಗ ಟೇಪಿನ ಮೇಲಿನ ಅಂಕಿಗಳು ಇರುವೆಗಳಂತೆ ಹರಿದಾಡತೊಡಗಿದವು. ಕೈ ನಡುಗಿತು. ಅಂಗಿ ಒದ್ದೆಯಾಯಿತು. ಆಗ ಡಾಕ್ಟರ ಮಾತಿನ ಉಳಿದರ್ಧ ನೆನಪಿಗೆ ಬಂತು. ಟೈಲರಣ್ಣ ಗಿರಾಕಿಯ ಸೊಂಟದಲ್ಲೇ ಟೇಪು ಬಿಟ್ಟು ಎದುರಿನ ಬೇಕರಿಗೆ ಧಾವಿಸಿದ.

"ಬೇಗ ಏನಾದ್ರೂ ಸಿಹಿ ಕೊಡಪ್ಪಾ!"

ಬೇಕರಿಯವನು ಗಾಜಿನ ಪೆಟ್ಟಿಗೆಗೆ ಅಡ್ಡ ನಿಂತ. "ಆಗಲ್ಲಣ್ಣ. ನಿಮ್ಮನೆ ಅಕ್ಕ ಬಂದು, ನಿಮಗೆ ಸಿಹಿ ಕೊಡಬೇಡ ಅಂತ ಕೈ ಮುಗಿದು ಹೇಳಿ ಹೋಗಿದ್ದಾರೆ."

"ನನಗೆ ಸಕ್ಕರೆ ಕಡಿಮೆ ಆಗಿದೆ ಕಣೋ!"

"ಕುಡುಕರೂ ಹೀಗೇ ಹೇಳ್ತಾರಣ್ಣ, ಇಳಿದುಹೋಗಿದೆ, ಇನ್ನೊಂಚೂರು ಹಾಕು ಅಂತ."

"ಡಾಕ್ಟ್ರೇ ಹೇಳಿದಾರೆ!"

"ಸಿಹಿ ತಿನ್ನು ಅಂತ ಯಾವ ಡಾಕ್ಟ್ರು ಹೇಳ್ತಾರೆ?" ಎಂದು ನಕ್ಕರು ಅಲ್ಲೇ ಟೀ ಕುಡಿಯುತ್ತಿದ್ದ ಮೇಷ್ಟ್ರು, ಸಕ್ಕರೆ ಡಬ್ಬವನ್ನು ಕಂಕುಳಿಗೆ ಸೇರಿಸುತ್ತ. "ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಮನಸ್ಸು ಗಟ್ಟಿಯಾಗಿಯೇ ಇತ್ತು, ಮಂಡಿಗಳು ಇರಲಿಲ್ಲ. ಕಣ್ಣು ಕತ್ತಲೆಗಟ್ಟುವ ಹೊತ್ತಿಗೆ ಮೇಜಿನ ಮೇಲೆ ಯಾರದೋ ಹುಟ್ಟುಹಬ್ಬದ ಕೇಕು ಬಿಳಿ ಗುಡ್ಡದಂತೆ ಕಾಣಿಸಿತು. ಟೈಲರಣ್ಣ ಮೊಣಕೈವರೆಗೂ ಕೈ ತೂರಿಸಿ ಬಾಯಿಗೆ ತುಂಬಿಕೊಂಡ.

"ಅಯ್ಯೋ, ಹಿಡೀರಿ! ಅಕ್ಕನ್ನ ಕರೀರಿ!"

ಹೆಂಡತಿ ಓಡಿ ಬಂದಾಗ ಅವನು ಗಡ್ಡ ಮೀಸೆಗೆಲ್ಲ ಕ್ರೀಮು ಮೆತ್ತಿಕೊಂಡು ನೆಲದ ಮೇಲೆ ಕೂತಿದ್ದ. ಅವಳು ಬೈಯಲಿಲ್ಲ. ಅವನ ಹಣೆ ಮುಟ್ಟಿದಳು. ತಣ್ಣಗಿತ್ತು, ಒದ್ದೆಯಾಗಿತ್ತು.

"ಇದು ತಿಂಡಿಪೋತತನ ಅಲ್ಲ. ಎತ್ತಿ ಇವರನ್ನ!" ಎಂದು ಕಿರುಚಿದಳು. ಬೇಕರಿಯವನೂ ಮೇಷ್ಟ್ರೂ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಸಮೇತ ಡಾಕ್ಟರ ಬಳಿಗೆ ಹೊತ್ತು ಓಡಿದರು.

ಡಾಕ್ಟರು ಪರೀಕ್ಷಿಸಿ ಹೇಳಿದರು: "ಆ ಕೇಕೇ ಕಾಪಾಡಿದ್ದು. ಇಲ್ದಿದ್ರೆ ಪ್ರಜ್ಞೆ ತಪ್ಪಿ ಬೀಳ್ತಿದ್ರು. ಯಾರು ಕೊಟ್ಟಿದ್ದು?"

ಬೇಕರಿಯವನು ಛಾವಣಿ ನೋಡಿದ. ಮೇಷ್ಟ್ರು ಚಪ್ಪಲಿ ನೋಡಿಕೊಂಡರು.

"ಯಾರೂ ಕೊಡ್ಲಿಲ್ಲ. ಕದ್ದೆ" ಎಂದ ಟೈಲರಣ್ಣ. ಎರಡು ಮಾತ್ರೆಯ ಕತೆಯೂ ಹೊರಬಿತ್ತು. ಡಾಕ್ಟರು ಈ ಸಲ ಚೆನ್ನಾಗಿಯೇ ಬೈದರು. ಬೈಯುತ್ತ ಬೈಯುತ್ತ ಅವರ ಕಣ್ಣು ಮೂಲೆಯಲ್ಲಿ ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದ ಹೆಂಡತಿಯ ಮೇಲೆ ಬಿತ್ತು.

"ಏನಮ್ಮಾ, ಈ ಬಾಯಾರಿಕೆ ಎಷ್ಟು ದಿನದಿಂದ?"

"ಅದು... ಸೆಕೆ ಅಲ್ವಾ, ಡಾಕ್ಟ್ರೇ."

ಅವಳ ಬೆರಳನ್ನೂ ಚುಚ್ಚಿದರು. ಸಕ್ಕರೆ ಅಳೆಯುವ ಯಂತ್ರವನ್ನು ಗಂಡಹೆಂಡಿರ ಕಡೆ ತಿರುಗಿಸಿದರು. ಬೆಳಿಗ್ಗೆ ಗಂಡನಿಗಿದ್ದದ್ದಕ್ಕಿಂತ ಹೆಚ್ಚು!

"ಲೇ, ನೀನು ಸಿಹಿ ಇಷ್ಟಪಡೋಳೇ ಅಲ್ವಲ್ಲೇ!" ಎಂದ ಟೈಲರಣ್ಣ.

ಅವಳು ತಲೆ ತಗ್ಗಿಸಿದಳು. "ಮದುವೆ ಬಟ್ಟೆ ಹೊಲಿಸಿದೋರೆಲ್ಲ ಡಬ್ಬ ಡಬ್ಬ ಸಿಹಿ ತಂದು ಮನೇಲಿ ಕೊಟ್ಟು ಹೋಗ್ತಾರೆ. ಬಿಸಾಡೋಕೆ ಮನಸ್ಸು ಬರಲ್ಲ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ... ಎಲ್ಲಾ ನಾನೇ ತಿಂದು ಮುಗಿಸ್ತಿದ್ದೆ."

ಟೈಲರಣ್ಣ ಅವಳ ಬೆರಳನ್ನು ಹಿಡಿದು, ಹತ್ತಿ ಒತ್ತಿಕೊಂಡು, ರಕ್ತ ನಿಂತ ಮೇಲೂ ಬಿಡದೆ ಕೂತ.

ಸಂಜೆ ಇಬ್ಬರೂ ಮಾತ್ರೆಯ ಪೊಟ್ಟಣಗಳೊಂದಿಗೆ ಮನೆಗೆ ಬಂದರು. ಅಳತೆಯ ಊಟ ಮಾಡಿದರು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

ಬೇಕರಿಯವನು ದೊಡ್ಡ ಪೊಟ್ಟಣ ಹಿಡಿದು ನಿಂತಿದ್ದ. "ತಪ್ಪಾಯ್ತಣ್ಣ. ಮತ್ತೆ ತಲೆ ತಿರುಗಿದ್ರೆ ಕೈಗೆ ಸಿಗಲಿ ಅಂತ ಕೇಕು ತಂದೆ." ಹಿಂದೆಯೇ ಮೇಷ್ಟ್ರು ಜಾಮೂನಿನಷ್ಟು ದಪ್ಪದ ಮಿಠಾಯಿಗಳ ಡಬ್ಬ ಇಟ್ಟರು. ಅತ್ತೆ ಜೇನಿನ ಬಾಟಲಿ ತಂದರು. ಅಳತೆ ಅರ್ಧಕ್ಕೆ ನಿಂತಿದ್ದ ಗಿರಾಕಿ, ಟೇಪು ಹಿಂತಿರುಗಿಸಲು ಬಂದವನು, ಬರಿಗೈಲಿ ಬರಬಾರದೆಂದು ಬಿಸ್ಕತ್ತು ತಂದಿದ್ದ. ಪಶ್ಚಾತ್ತಾಪಪಟ್ಟು ಬಂದವರ ಮನಸ್ಸು ನೋಯಿಸಲಾರದೆ ಗಂಡಹೆಂಡಿರು ಎಲ್ಲವನ್ನೂ ತೆಗೆದುಕೊಂಡರು.

ಎಲ್ಲರೂ ಹೋದ ಮೇಲೆ ಮೇಜಿನ ತುಂಬ ಸಿಹಿ. ಇಬ್ಬರೂ ಎದುರುಬದುರು ಕೂತರು.

"ನೀವು ಹೋಗಿ ಮಲಗಿ. ಇದನ್ನೆಲ್ಲ ನಾನು ಎತ್ತಿಡ್ತೀನಿ."

"ನೀನು ಎತ್ತಿಡೋದು ಎಲ್ಲಿಗೆ ಅಂತ ಈಗ ಗೊತ್ತಾಯ್ತಲ್ಲ! ನೀನೇ ಹೋಗು. ನಾನು ಎತ್ತಿಡ್ತೀನಿ."

"ನಿಮ್ಮನ್ನ ನಂಬೋದಾ?"

"ನಿನ್ನನ್ನ ನಂಬೋದಾ?"

ಇಬ್ಬರೂ ಏಳಲಿಲ್ಲ. ಅವಳು ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಅವನು ಅವಳದನ್ನು ಹಿಡಿದ. ಮಹಡಿಯ ಕಿಟಕಿಯಿಂದ ಇದನ್ನು ಕಂಡ ಅತ್ತೆ, "ಈ ವಯಸ್ಸಲ್ಲೂ ಎಷ್ಟು ಪ್ರೀತಿ ನೋಡ್ರೀ!" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದರು.