ಆಟದ ಡಬ್ಬಿ ಮತ್ತು ಮೂರನೇ ಕಿಟಕಿ

ಐವತ್ತೊಂದು ವರ್ಷದ ಹೆಂಗಸಿಗೆ ಏನಾದರೂ ಬೇಕೆನಿಸಿದರೆ ಅದು ಮೊಣಕಾಲಿಗೆ ತಿಕ್ಕುವ ಎಣ್ಣೆಯಾಗಿರಬೇಕು, ಇಲ್ಲವೇ ತಳ ಹಿಡಿಯದ ಬಾಣಲೆಯಾಗಿರಬೇಕು ಎಂದು ಲೋಕ ಎಂದೋ ತೀರ್ಮಾನಿಸಿದೆ. ನನಗೆ ಬೇಕೆನಿಸಿದ್ದು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಡಬ್ಬಿ. ಮಕ್ಕಳಿಗಲ್ಲ, ಅಕ್ಕಪಕ್ಕದವರ ಮಕ್ಕಳ ಹುಟ್ಟುಹಬ್ಬಕ್ಕೂ ಅಲ್ಲ, ನನಗೇ. ನಾನು ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಗೇಮು ಆಡಿ ಹಾಳಾದವರು’ ಎಂಬ ವಿಷಯದ ಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಎಷ್ಟು ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಆ ಭಾಷಣಗಳನ್ನು ಕೇಳಿದವರು ದಯವಿಟ್ಟು ಈ ಪುಟವನ್ನು ಇಲ್ಲಿಗೇ ಮಡಚಿಡಬೇಕು.

ನಮ್ಮ ಮನೆ ಕಲಬುರಗಿಯ ಅಂಚಿನ ಕೋಟನೂರಿನಲ್ಲಿ, ಶಾಲೆ ಕಮಲಾಪುರದಲ್ಲಿ. ಹದಿನೆಂಟು ವರ್ಷದಿಂದ ದಿನಾ ಬಸ್ಸು. ಹೋಗುತ್ತ ಒಂದು ತಾಸು, ಬರುತ್ತ ಒಂದು ತಾಸು. ಈ ತಾಸುಗಳಲ್ಲಿ ನಾನು ಏನೇನು ಮಾಡಿ ನೋಡಿಲ್ಲ? ಸ್ವೆಟರ್ ಹೆಣೆದೆ. ಕಲಬುರಗಿಯ ಬಿಸಿಲಿಗೆ ಅದನ್ನು ಹಾಕಿಕೊಳ್ಳುವವರು ಸಿಗಲಿಲ್ಲ. ಉತ್ತರ ಪತ್ರಿಕೆ ತಿದ್ದಿದೆ. ರಸ್ತೆಯ ಗುಂಡಿಯೊಂದರ ಕೃಪೆಯಿಂದ ಹುಡುಗಿಯೊಬ್ಬಳ ಆರು ಅಂಕ ಅರವತ್ತಾಗುವುದರಲ್ಲಿತ್ತು. ಮೊಬೈಲು ನೋಡೋಣವೆಂದರೆ ಅದರ ತುಂಬ ಬಂಧುಬಳಗದವರ ಶುಭೋದಯಗಳು. ಕೊನೆಗೆ ಕಿಟಕಿಯಾಚೆಗಿನ ತೊಗರಿ ಹೊಲಗಳನ್ನೇ ನೋಡುತ್ತ ಕೂತೆ. ತೊಗರಿ ಒಳ್ಳೆಯ ಬೆಳೆ, ನಮ್ಮ ಮನೆ ನಡೆಯುವುದೂ ಅದರಿಂದಲೇ, ಆದರೆ ಹದಿನೆಂಟು ವರ್ಷ ನೋಡುವಂಥದ್ದು ಅದರಲ್ಲೇನಿದೆ?

ಹೀಗಿರುವಾಗ ನಮ್ಮ ಶಾಲೆಗೆ ಕಂಪ್ಯೂಟರ್ ಕಲಿಸಲು ನಸ್ರೀನ್ ಟೀಚರ್ ಬಂದಳು. ಇಪ್ಪತ್ತೆಂಟರ ಹುಡುಗಿ. ಊಟವಾದ ಮೇಲೆ ಎಲ್ಲರೂ ತುಟ್ಟಿಭತ್ಯೆಯ ಮಾತಿಗೆ ಕೂತರೆ ಇವಳು ಮೂಲೆಯಲ್ಲಿ ಒಂದು ಡಬ್ಬಿ ಹಿಡಿದು ಕೂರುತ್ತಿದ್ದಳು. ಬುದ್ಧಿ ಹೇಳೋಣವೆಂದೇ ನಾನು ಹತ್ತಿರ ಹೋದದ್ದು, ಇದು ಸತ್ಯ. ಅವಳು ‘ಐದು ಮಿನಿಟು ಹಿಡೀರಿ ಮೇಡಂ’ ಎಂದು ಡಬ್ಬಿಯನ್ನು ನನ್ನ ಕೈಗಿಟ್ಟಳು. ಪರದೆಯ ಮೇಲೊಂದು ಪುಟ್ಟ ನರಿ. ಹೆಗಲಿಗೊಂದು ಟಪಾಲು ಚೀಲ. ಗುಡ್ಡ ಹತ್ತಿ, ಹಳ್ಳ ದಾಟಿ ಅದು ಮನೆಮನೆಗೆ ಕಾಗದ ಮುಟ್ಟಿಸಬೇಕು. ನಾನು ಮೊದಲ ಮನೆ ಮುಟ್ಟುವಷ್ಟರಲ್ಲಿ ನಸ್ರೀನ್ ನನ್ನ ಭುಜ ಅಲುಗಿಸುತ್ತಿದ್ದಳು. ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತಂತೆ. ಗಂಟೆ ಕೇಳಿಸಲಿಲ್ಲ ಎಂದ ಮಕ್ಕಳನ್ನು ನಾನು ಬಾಗಿಲ ಹೊರಗೆ ನಿಲ್ಲಿಸುವವಳು. ಅಂದು ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ.

ಅಂದೇ ನಿಶ್ಚಯಿಸಿದೆ, ಇದು ನನಗೆ ಬೇಕು ಎಂದು. ಆಮೇಲೆ ಬೆಲೆ ಕೇಳಿದೆ. ಹೊಸ ಮಾದರಿ ಬಂದಿದೆ, ಪರದೆ ದೊಡ್ಡದು, ಬೆಲೆ ಹೆಚ್ಚೂ ಕಡಿಮೆ ಐವತ್ತು ಸಾವಿರ ಎಂದಳು ನಸ್ರೀನ್. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಆದರೆ ಬೇಕು ಎಂಬುದು ಮಾತ್ರ ಕೂರಲಿಲ್ಲ.

ನಮ್ಮ ಮನೆಯವರು ಕಾಳುಕಡಿ ಮಾರುವ ನೆಹರು ಗಂಜಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮರು. ಚೀಲಕ್ಕೆ ಚೂಪಾದ ಕೊಳವೆ ಚುಚ್ಚಿ, ಜಾರಿ ಬಂದ ತೊಗರಿಯನ್ನು ಅಂಗೈ ಮೇಲೆ ಹರಡಿ, ಒಂದು ಕಾಳು ಕಚ್ಚಿ ನೋಡಿದರೆಂದರೆ ಬೆಲೆ ಹೇಳಿದ ಹಾಗೇ. ನಮ್ಮ ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಹಾಗೇ ಕಣ್ಣು ಕಿರಿದು ಮಾಡಿ ನೋಡಿದ್ದರು. ಕಚ್ಚಿ ನೋಡಲಿಲ್ಲ, ಅಷ್ಟೇ. ವಿಷಯ ಕೇಳಿ ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಜಗಳವಾಡಿ ಗೆಲ್ಲುವುದು ಸುಲಭವಿತ್ತು.

‘ಹೆಂಗಸರಿಗೆ ಬಸ್ಸು ಫುಕಟ ಅದ. ಫುಕಟ ಬಸ್ಸಿನಾಗ ಕುಂತು ಆಡಾಕ ಐವತ್ತು ಸಾವಿರದ ಡಬ್ಬಿ ಬೇಕೇನು?’ ಎಂದರು.

‘ಬೇಕ್ರಿ’ ಎಂದೆ.

‘ಹಂಗಾರ ನಡಿ, ಮಾಲು ನೋಡೂಣು.’

ಸ್ಟೇಶನ್ ಬಜಾರಿನ ಅಂಗಡಿಗೆ ಹೋದೆವು. ಗಾಜಿನ ಕಪಾಟಿನಲ್ಲಿ ಡಬ್ಬಿಯ ಚಿತ್ರವಿರುವ ಪೆಟ್ಟಿಗೆ. ಇವರು ಕೈ ಚಾಚಿ, ‘ಸ್ಯಾಂಪಲ್ ತೋರಸ್ರಿ’ ಎಂದರು. ಅಂಗಡಿಯವನು ಅವರ ಬರಿ ಅಂಗೈಯನ್ನೇ ನೋಡಿದ. ‘ಸೀಲ್ ಬಂದ್ ಮಾಲು ಸಾಹೇಬ್ರ. ಸೀಲು ಒಡದ್ರ ತಗೊಂಡಂಗ’ ಎಂದ. ಇವರು ಪೆಟ್ಟಿಗೆಯನ್ನು ಎತ್ತಿ ತೂಕ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮರಳಿ ಕೊಟ್ಟರು. ಹೊರಗೆ ಬಂದ ಮೇಲೆ, ‘ಚೀಲದ ಹೊಟ್ಟಿ ಸೀಳಿ ನೋಡದ ಮಾಲು ನಾ ಇವತ್ತಿನ ತನಕ ತಗೊಂಡಿಲ್ಲ. ನೀನಽ ಎಲ್ಲಿಂದಾದ್ರೂ ಸ್ಯಾಂಪಲ್ ತಂದು ನೋಡು. ಬೆಲಿಗೆ ತಕ್ಕಂಗ ಅದ ಅನಿಸಿದ್ರ ನಾ ಅಡ್ಡ ಬರಂಗಿಲ್ಲ’ ಎಂದರು.

ನ್ಯಾಯವಾದ ಮಾತು. ನಸ್ರೀನಳನ್ನು ಕೇಳಿದೆ. ಪುಣ್ಯಾತ್ಮಳು ಒಂದು ವಾರಕ್ಕೆಂದು ತನ್ನದನ್ನೇ ಕೊಟ್ಟಳು. ‘ಜೋಪಾನ ಮೇಡಂ, ಘರ್ ಮೇ ಭಾಳ ಜಗಳ ಮಾಡಿ ತಗೊಂಡೀನಿ’ ಎಂದಳು. ಬೆಲೆಗೆ ತಕ್ಕುದಲ್ಲ ಎನಿಸಿದರೆ ಮತ್ತೆ ಅದರ ಹೆಸರೆತ್ತಬಾರದು, ತಕ್ಕುದೆನಿಸಿದರೆ ಯಾರ ನಗೆಗೂ ಅಂಜಬಾರದು ಎಂದು ಪಣ ತೊಟ್ಟೆ. ಮದುವೆಯಾದಾಗಿನಿಂದ ಈ ಮನೆಗೆ ಫ್ರಿಜ್ಜು, ಮಿಕ್ಸರು, ವಾಷಿಂಗ್ ಮಷಿನು ಎಲ್ಲ ನನ್ನ ಸಂಬಳದಲ್ಲೂ ಬಂದಿವೆ, ಎಲ್ಲವೂ ‘ನಿನಗೆ ಅನುಕೂಲ ಆಗಲಿ’ ಎಂದೇ ಬಂದಿವೆ. ನನಗೆ ಅನುಕೂಲವಾದ ವಸ್ತುಗಳಿಂದ ಬೇರೆಯವರ ಬಟ್ಟೆ ಒಗೆದು ಸಾಕಾಗಿತ್ತು. ಯಾರ ಅನುಕೂಲಕ್ಕೂ ಬಾರದ, ನನಗೊಬ್ಬಳಿಗೇ ಸೇರಿದ ಒಂದು ವಸ್ತು ಬೇಕಿತ್ತು. ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ನಗು ಬರುತ್ತದೆಂದಲ್ಲ, ಅಳು ಬರುತ್ತದೆಂದು.

ಶುಕ್ರವಾರ ಡಬ್ಬಿಯನ್ನು ಮನೆಗೆ ತಂದೆ. ಶನಿವಾರ ಬಸ್ಸಿನಲ್ಲಿ ನರಿ ಎರಡು ಗುಡ್ಡ ದಾಟಿತು. ರವಿವಾರ ಮನೆಗೆ ನೆಂಟರು ಬಂದಾಗ ಡಬ್ಬಿಯನ್ನು ಜೋಳದ ಹಿಟ್ಟಿನ ಡಬರಿಯ ಹಿಂದೆ ಅಡಗಿಸಿದೆ. ಅವರು ಹೋದ ಮೇಲೆ ನರಿ ಒಂದು ಹಗ್ಗದ ಸೇತುವೆಯ ನಡುಮಧ್ಯಕ್ಕೆ ಬಂದು ನಿಂತಿತು. ಗಾಳಿ, ಕೆಳಗೆ ಹೊಳೆ. ದಾಟಿಸಲು ನಾಲ್ಕು ಸಲ ನೋಡಿದೆ, ಆಗಲಿಲ್ಲ. ಅಷ್ಟರಲ್ಲಿ ಒಲೆಯ ಮೇಲಿನ ಬೇಳೆ ಹೊತ್ತಿತು. ಸೋಮವಾರ ಬಸ್ಸಿನಲ್ಲಿ ದಾಟಿಸುತ್ತೇನೆ ಎಂದು ನರಿಗೆ ಮಾತು ಕೊಟ್ಟು ಮುಚ್ಚಿಟ್ಟೆ.

ಸೋಮವಾರದ ಕಲಬುರಗಿ ಬಸ್ ನಿಲ್ದಾಣದ ಗದ್ದಲ ಗೊತ್ತಿದ್ದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಬಸ್ಸು ಬಂದು ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಟವೆಲು, ಕರವಸ್ತ್ರ, ಛತ್ರಿ, ಬುತ್ತಿ ಚೀಲ, ಏನಾದರೊಂದು ಎಸೆಯಬೇಕು. ಅದು ಬಿದ್ದ ಸೀಟು ನಮ್ಮದು. ಈ ಕಲೆಯಲ್ಲಿ ನಾನು ಸಣ್ಣವಳಲ್ಲ. ಬಾಗಿಲಿನಿಂದ ಮೂರನೇ ಕಿಟಕಿಗೆ ಕರವಸ್ತ್ರದ ಗಂಟು ಎಸೆದರೆ ಹದಿನೆಂಟು ವರ್ಷದಲ್ಲಿ ಗುರಿ ತಪ್ಪಿದ್ದು ಕಡಿಮೆ. ಅಂದು ನರಿಯ ಆತುರಕ್ಕೆ, ಕೂತ ಕೂಡಲೇ ಶುರುಮಾಡಬಹುದೆಂದು ಡಬ್ಬಿಯ ನೀಲಿ ಚೀಲವನ್ನು ಮೊದಲೇ ಹೊರಗೆ ತೆಗೆದು ಕೈಯಲ್ಲಿ ಹಿಡಿದಿದ್ದೆ. ಕಮಲಾಪುರದ ಮೇಲೆ ಬೀದರಿಗೆ ಹೋಗುವ ಬಸ್ಸು ಬಂತು. ಮೂರನೇ ಕಿಟಕಿ ನನ್ನ ಮುಂದೆ ಬಂತು. ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು.

ಗುರಿ ತಪ್ಪಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಚೀಲ ಸೀಟಿನ ಮೇಲೆ ಬಿದ್ದ ಸದ್ದು ಕೇಳಿದ ಮೇಲೆಯೇ ನಾನು ಎಸೆದದ್ದು ಏನೆಂದು ತಿಳಿದದ್ದು. ಬಾಗಿಲಿಗೆ ಓಡಿದೆ. ಅಲ್ಲಿ ಅರ್ಧ ಕಲಬುರಗಿ ಇತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ, ಇನ್ನೊಂದಕ್ಕೆ ಜಾಗವಿರಲಿಲ್ಲ. ‘ಹಿಂದ ಇನ್ನೊಂದು ಗಾಡಿ ಅದ ಬಾಯಿ, ಇಳೀರಿ’ ಎಂದ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ನನ್ನ ಸೀಟು ನನಗಾಗಿ ಕಾಯುತ್ತ, ನಾನಿಲ್ಲದೆ, ಬೀದರಿನ ದಾರಿ ಹಿಡಿಯಿತು.

ಹಿಂದಿನ ಬಸ್ಸಿಗೆ ನೇತುಬಿದ್ದವಳೇ ಕಾಶಿಬಾಯಿಗೆ ಫೋನು ಮಾಡಿದೆ. ಕಾಶಿಬಾಯಿ ಕಮಲಾಪುರ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವವಳು. ಆ ಊರಿನ ಕೆಂಪು ಬಾಳೆಯ ಹೆಸರು ದೊಡ್ಡದು, ಬೆಲೆಯೂ ದೊಡ್ಡದು. ನಿಂತ ಪ್ರತಿಯೊಂದು ಬಸ್ಸಿನ ಕಿಟಕಿಗೂ ಬುಟ್ಟಿ ಎತ್ತಿ ಹಿಡಿಯುವುದು ಅವಳ ಕೆಲಸ, ಹಾಗೆ ಎತ್ತಿದಾಗ ‘ಬಾಳೆಹಣ್ಣಿಗೆ ಇಷ್ಟ್ಯಾಕ’ ಎಂದು ಚೌಕಾಸಿ ಮಾಡುವುದು ಹದಿನೆಂಟು ವರ್ಷದ ನನ್ನ ಕೆಲಸ.

‘ಕಾಶಿಬಾಯಿ, ಬೀದರ ಬಸ್ಸು ಬರ್ತದ. ಬಾಗಲದಿಂದ ಮೂರನೇ ಕಿಟಕಿ. ನೀಲಿ ಚೀಲ. ಹ್ಯಾಂಗರೆ ಮಾಡಿ ಇಳಿಸಿಕೋ.’

‘ಏನದರಿ ಅಕ್ಕೋರ ಅದರಾಗ? ಬಂಗಾರೇನು?’

‘ಬಂಗಾರ ಅಲ್ಲ.’

‘ಬುತ್ತಿ ಏನ್ರಿ?’

ಸುತ್ತ ನನ್ನ ಶಾಲೆಯ ಮಕ್ಕಳ ತಾಯಂದಿರು ನಿಂತಿದ್ದರು. ‘ಹೂಂ’ ಎಂದುಬಿಟ್ಟೆ.

ಒಂದು ತಾಸು ಕಂಬ ಹಿಡಿದು ನಿಂತೆ. ಮೊದಲು ನಸ್ರೀನಳ ಮುಖ ನೆನಪಾಯಿತು. ಕಳೆದರೆ ಹೊಸದನ್ನೇ ತಂದುಕೊಡಬೇಕು, ಅವಳ ಜಗಳದ ಫಲ ಅದು. ಆ ಬಗ್ಗೆ ನನಗೆ ಎರಡನೇ ಮಾತಿರಲಿಲ್ಲ. ಹಾಗೆ ನಿಶ್ಚಯವಾದ ಮೇಲೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಹಣಕ್ಕಲ್ಲ ಎಂದು ತಿಳಿದಾಗ ನನಗೇ ನಾಚಿಕೆಯಾಯಿತು. ಆ ನರಿ ಸೇತುವೆಯ ನಡುಮಧ್ಯದಲ್ಲಿ ನಿಂತಿತ್ತು. ಯಾರಾದರೂ ಮೇಲೆ ಕೂತು ಡಬ್ಬಿ ಒಡೆದರೆ ಅದು ಅಲ್ಲೇ ನಿಂತುಬಿಡುತ್ತದೆ. ದಾಟಿಸುತ್ತೇನೆಂದು ಮಾತು ಕೊಟ್ಟಿದ್ದೆ. ಐವತ್ತೊಂದು ವರ್ಷದ ಸರಕಾರಿ ನೌಕರಳು ಜನರ ನಡುವೆ ನಿಂತು, ಇಲ್ಲದ ನರಿಯೊಂದಕ್ಕಾಗಿ ಕಣ್ಣು ಒರೆಸಿಕೊಂಡಳು. ಪಕ್ಕದವಳು, ‘ಬಿಸಲಿಗೆ ತಲಿ ತಿರಗಾಕತ್ತದೇನ್ರಿ?’ ಎಂದು ನೀರಿನ ಬಾಟಲಿ ಕೊಟ್ಟಳು.

ಕಮಲಾಪುರದಲ್ಲಿ ಇಳಿದಾಗ ಕಾಶಿಬಾಯಿ ಬುಟ್ಟಿಯ ಮುಂದೆ ಕೂತಿದ್ದಳು. ಹಣ್ಣಿನ ಚಿಪ್ಪುಗಳನ್ನು ಸರಿಸಿ ನೀಲಿ ಚೀಲವನ್ನು ತೆಗೆದು ಕೊಟ್ಟಳು. ಬಸ್ಸಿನಲ್ಲಿ ಆ ಸೀಟಿನಲ್ಲಿ ಯಾರೋ ಮುದುಕಿ ಕೂತಿದ್ದಳಂತೆ. ಯಾರದೋ ಬುತ್ತಿ, ಪಲ್ಯ ಚೆಲ್ಲೀತು ಎಂದು ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಎರಡೂ ಕೈಯಿಂದ ಹಿಡಿದುಕೊಂಡೇ ಬಂದಿದ್ದಳಂತೆ. ‘ಕೊಡಮುಂದ, ಬುತ್ತಿ ತಣ್ಣಗಾಗ್ಯಾದ, ಬಿಸಿ ಮಾಡಿ ಉಣ್ಣಾಕ ಹೇಳು ಅಂದ್ಳರಿ’ ಎಂದಳು ಕಾಶಿಬಾಯಿ.

ಅಲ್ಲೇ ತೆರೆದು ನೋಡಿದೆ. ಪರದೆ ಬೆಳಗಿತು. ಗಾಳಿ, ಹೊಳೆ, ಸೇತುವೆ. ನರಿ ನಿಂತಲ್ಲೇ ನಿಂತಿತ್ತು. ಕಾಶಿಬಾಯಿ ಬಗ್ಗಿ ನೋಡಿದಳು.

‘ಇದು ಬುತ್ತಿ ಅಲ್ಲರಿ.’

‘ಅಲ್ಲ.’

‘ಎಷ್ಟು ಇದಕ್ಕ?’

ಇಷ್ಟೊಂದು ಮಾಡಿದವಳಿಗೆ ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಹೇಳಿದೆ. ಇದು ನನ್ನದಲ್ಲ, ನೋಡಲು ತಂದದ್ದು, ಬೆಲೆಗೆ ತಕ್ಕುದೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದೂ ಹೇಳಿದೆ. ಅವಳು ಒಂದು ಹಣ್ಣನ್ನು ಸೆರಗಿನಿಂದ ಒರೆಸಿ ಬುಟ್ಟಿಯಲ್ಲಿಟ್ಟಳು.

‘ನಿಮಗ ಬೇಕೇನ್ರಿ ಅಕ್ಕೋರ?’

‘ಬೇಕು.’

‘ಮತ್ತೇನು ತೀರ್ಮಾನ? ಬೇಕು ಅಂದವ್ರಿಗೆ ನಾ ಬೆಲಿ ಹೇಳ್ತೀನಿ, ಕೊಟ್ಟು ಹೋಗ್ತಾರ. ಬ್ಯಾಡಾದವ್ರಿಗೆ ಫುಕಟ ಕೊಟ್ರೂ ತುಟ್ಟಿ ಅಂತಾರ.’

ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಇವರು ನಗುತ್ತಾರೆಂದುಕೊಂಡಿದ್ದೆ. ಇವರು ಕಣ್ಣು ಕಿರಿದು ಮಾಡಿ, ‘ಕಿಟಕಿಯಾಗ ಒಗದೀ? ಸೀಟಿನ ಮ್ಯಾಲ ಧಪ್ ಅಂತ ಬಿತ್ತು? ಆಮ್ಯಾಲೂ ನಡೀತು?’ ಎಂದು ಒಂದೊಂದಾಗಿ ಕೇಳಿ, ಡಬ್ಬಿಯನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು. ‘ಮಾಲು ಗಟ್ಟಿ ಅದ. ತಗೋ’ ಎಂದರು. ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಆಮೇಲೆ ನರಿಯನ್ನು ಸೇತುವೆ ದಾಟಿಸಿದೆ. ನಸ್ರೀನಳಿಗೆ ಅವಳದನ್ನು ಮರಳಿಸಿ, ಕಿಟಕಿಯ ಕಥೆಯನ್ನೂ ಹೇಳಿ, ಆ ಶನಿವಾರವೇ ಸ್ಟೇಶನ್ ಬಜಾರಿಗೆ ಹೋಗಿ ಸೀಲು ಒಡೆಸಿದೆ.

ಈಗ ಡಬ್ಬಿ ನನ್ನದೇ. ಬೆಲೆಗೆ ತಕ್ಕುದೇ ಎಂದು ಕೇಳುವವರಿಗೆ ತಕ್ಕುದೇ ಎನ್ನುತ್ತೇನೆ, ಅದರಲ್ಲಿ ಹಿಂದೆ ಸರಿಯುವುದಿಲ್ಲ. ಆದರೆ ಅದರ ಪೂರ್ತಿ ಬೆಲೆ ಅಂಗಡಿಯವನಿಗೂ ಗೊತ್ತಿಲ್ಲ. ಮೊನ್ನೆ ಸಂಜೆ ಕಾಶಿಬಾಯಿಯ ಬುಟ್ಟಿಯ ಮುಂದೆ ನಿಂತು, ಒಂದು ಚಿಪ್ಪು ಎತ್ತಿಕೊಂಡು, ರೂಢಿಯ ಬಲದಿಂದ, ‘ಬಾಳೆಹಣ್ಣಿಗೆ ಇಷ್ಟ್ಯಾಕ ಕಾಶಿ...’ ಎಂದು ಶುರುಮಾಡಿದೆ. ಅವಳು ಡಬ್ಬಿಯಿದ್ದ ನನ್ನ ಹೆಗಲ ಚೀಲವನ್ನೊಮ್ಮೆ ನೋಡಿದಳು, ಅಷ್ಟೇ. ಅವಳು ಹೇಳಿದಷ್ಟನ್ನೂ ಕೊಟ್ಟು, ಚಿಲ್ಲರೆಯನ್ನೂ ಕೇಳದೆ ಬಸ್ಸು ಹತ್ತಿದೆ.